ಅಣ್ಣನಿಗೆ ಕೊಡಲಾಗದ ಕಿಡ್ನಿ

ಅಮೃತೂರಿನ ಗುಂಡಯ್ಯ ಮೈಯೆಲ್ಲ ಊದಿಕೊಂಡು, ಉಸಿರಿಗೆ ಒದ್ದಾಡಿ ಸತ್ತಾಗ ಅವನ ಮಗಳು ಮಂಗಳಗೌರಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಜನ. ಕೆಲವು ವರ್ಷಗಳ ಮೇಲೆ ಗುಂಡಯ್ಯನ ತಮ್ಮ, ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನು, "ತಲೆ ಸಿಡೀತದೆ" ಎಂದು ಕೂಗಿ ಅಲ್ಲೇ ಒರಗಿ ಪ್ರಾಣ ಬಿಟ್ಟ. ಮನೆಯವರು ಮಾಟ ಕಳೆಯಲೆಂದು ತಡೆ ಒಡೆಸಿದರು. ಬಿ.ಪಿ. ನೋಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

2002ರಲ್ಲಿ ಮಂಗಳಗೌರಿಯ ಅಣ್ಣ ಹನುಮಂತರಾಜು ಕಾಯಿಲೆ ಬಿದ್ದ. ಕುಣಿಗಲ್-ತುಮಕೂರು ಪ್ರೈವೇಟ್ ಬಸ್ಸಿನ ಡ್ರೈವರು, ಗಟ್ಟಿಮುಟ್ಟಾದ ಆಳು. ಕಾಲು ಊದಿ ಕ್ಲಚ್ ಒತ್ತಲಾಗದೆ ಆಸ್ಪತ್ರೆಗೆ ಹೋದರೆ, ಎರಡೂ ಕಿಡ್ನಿಯ ತುಂಬ ನೀರುಗುಳ್ಳೆ. ಡಯಾಲಿಸಿಸ್ ಶುರುವಾಯಿತು. ಅದು ಮಾಡಿಸಿಕೊಂಡ ದಿನಗಳಲ್ಲಿ ಅವನು ತುಮಕೂರಿನ ಮರಳೂರಿನಲ್ಲಿದ್ದ ತಂಗಿಯ ಮನೆಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ.

"ಒಂದು ಕಿಡ್ನಿ ನಾನು ಕೊಡ್ತೀನಿ," ಎಂದಳು ಮಂಗಳಗೌರಿ. ಗಂಡ ರಂಗನಾಥ್ ಎರಡು ದಿನ ಮಾತು ಬಿಟ್ಟ. ಆಮೇಲೆ ತಾನೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದ.

ಡಾಕ್ಟರು ಅವಳ ಪಕ್ಕೆಯ ಮೇಲೆ ಸ್ಕ್ಯಾನಿಂಗ್ ಯಂತ್ರವನ್ನು ಒತ್ತಿ ಒತ್ತಿ ಆಡಿಸಿದರು. ಒಮ್ಮೆ ನೋಡಿದ ಕಡೆಯೇ ಮತ್ತೆ ನೋಡಿದರು. ಬಿ.ಪಿ. ಪಟ್ಟಿ ಸುತ್ತಿದರು, ಬಿಚ್ಚಿದರು, ಇನ್ನೊಂದು ತೋಳಿಗೆ ಸುತ್ತಿದರು. ಮನೆಯಲ್ಲಿ ಯಾರು ಯಾರು ಹೇಗೆ ತೀರಿಕೊಂಡರೆಂದು ಕೇಳಿ ತಿಳಿದುಕೊಂಡರು.

"ನೀವು ಕೊಡೋಕಾಗಲ್ಲಮ್ಮ. ನಿಮ್ಮಣ್ಣನಿಗಿರೋದು ನಿಮಗೂ ಇದೆ. ಇದು ತಂದೆ ಕಡೆಯಿಂದ ಬಂದಿದ್ದು. ನಿಮ್ಮ ಚಿಕ್ಕಪ್ಪನೂ ಇದರಿಂದಲೇ ಹೋಗಿರಬಹುದು. ಬಿ.ಪಿ. ಏರಿ ತಲೆಯ ನರ ಒಡೆಯೋದುಂಟು."

"ನನ್ನ ಮಗಳಿಗೆ?"

"ಅರ್ಧಕ್ಕರ್ಧ. ಬರಬಹುದು, ಬರದೇನೂ ಇರಬಹುದು."

ಹೊರಗೆ ಬಂದು ಅವಳು ಗಂಡನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಣ್ಣನಿಗೆ ಮಾತ್ರ ರಕ್ತ ಹೊಂದಲಿಲ್ಲವೆಂದು ಸುಳ್ಳು ಹೇಳಿದಳು. ಅವನು ಅವಳ ಕಣ್ಣನ್ನೇ ನೋಡಿದ.

"ನಿಂಗೂ ಐತೇನೇ ಗೌರಿ?"

"ಸುಮ್ನಿರಣ್ಣ."

"ಬಿ.ಪಿ. ಮಾತ್ರೆ ಬುಡಬೇಡ ಕಣೇ. ನಾನು ತಲೆನೋವಂತ ಉಡಾಫೆ ಮಾಡ್ದೆ."

ಮರುವರ್ಷ ಅವನು ತೀರಿಕೊಂಡ. ಮಂಗಳಗೌರಿ ಉಪ್ಪು ಕಮ್ಮಿ ಮಾಡಿದಳು, ಮಾತ್ರೆ ತಪ್ಪಿಸಲಿಲ್ಲ. ಮಗಳು ತನುಶ್ರೀ ಹಣೆ ಒತ್ತಿಕೊಂಡಾಗಲೆಲ್ಲ ತಾಯಿಯ ಕೈಕೆಲಸ ನಿಲ್ಲುತ್ತಿತ್ತು. ನಿದ್ದೆಗೆಟ್ಟಿರಬೇಕು, ಓದು ಜಾಸ್ತಿಯಾಗಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುವಳು.

2009ರಲ್ಲಿ ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ತನುಶ್ರೀಯ ಬಿ.ಪಿ. ಜಾಸ್ತಿ ಬಂತು. ಅದೇ ವಾರ ಸ್ಕ್ಯಾನಿಂಗ್ ಮಾಡಿಸಿದರು. ಗುಳ್ಳೆಗಳಿನ್ನೂ ಸಣ್ಣವು, ಆದರೆ ಎರಡೂ ಕಡೆ ಇದ್ದವು.

ಮನೆಗೆ ಬಂದು ಮಂಗಳಗೌರಿ ಮಗಳನ್ನು ಎದುರಿಗೆ ಕೂರಿಸಿಕೊಂಡು, ತಾತನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಾಟ ಎಂದದ್ದನ್ನೂ ಬಿಡಲಿಲ್ಲ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನಿಂಗೆ ಬಂದಿರಲ್ಲ ಅಂದ್ಕೊಂಡಿದ್ದೆ ಕಣೇ."

ತನುಶ್ರೀ ಅಳಲಿಲ್ಲ. "ನಿನ್ನ ಕಿಡ್ನಿ ಈಗ ಎಷ್ಟು ಕೆಲಸ ಮಾಡ್ತಿದೆ?" ಎಂದು ಕೇಳಿದಳು.

"ಅರ್ಧದಷ್ಟೂ ಇಲ್ಲ," ಎಂದಳು ತಾಯಿ.