ಕೈಬೀಸಿಕೊಂಡು ಬಂದ ತವರು

ನಮ್ಮ ಕಡೆ ಹೆಂಗಸು ಸತ್ತರೆ ತವರಿನಿಂದ ಹೊಸ ಸೀರೆ ಬರಬೇಕು. ಅದಕ್ಕೆ ಕೋಡಿ ಎನ್ನುತ್ತಾರೆ. ಕೋಡಿ ಹೊದಿಸುವ ತನಕ ಹೆಣ ಎತ್ತುವುದಿಲ್ಲ. ಗಂಡನ ಮನೆಯಲ್ಲಿ ಎಷ್ಟೇ ವರ್ಷ ಬಾಳಿರಲಿ, ಮೊಮ್ಮಕ್ಕಳ ಮದುವೆಯನ್ನೇ ಕಂಡಿರಲಿ, ಅವಳಿಗೂ ಒಂದು ಹುಟ್ಟಿದ ಮನೆ ಇದೆ ಎಂದು ಊರೆದುರು ತೋರಿಸುವ ಸೀರೆ ಅದು. ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ತೀರಿಕೊಂಡಾಗ ಅವಳ ತವರೆಂದು ಉಳಿದಿದ್ದವಳು ನಾನೊಬ್ಬಳೇ. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ನನಗೆ ಅಣ್ಣತಮ್ಮಂದಿರಿಲ್ಲ.

ಅದೇ ವಾರ ಅಮೆರಿಕದಲ್ಲಿ ಒಬ್ಬನ ಕೆಲಸ ಹೋಯಿತು. ಅವನು ನನಗೆ ನೆಂಟನಲ್ಲ, ಪರಿಚಯದವನೂ ಅಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪನಿಯೊಂದರ ಮುಖ್ಯಸ್ಥ. ಅವನ ಆಡಳಿತ ಮಂಡಳಿಯೇ ಇದ್ದಕ್ಕಿದ್ದಂತೆ ಅವನನ್ನು ಹೊರಗಟ್ಟಿತ್ತು. ದಿಂಡಿಗಲ್‌ನಲ್ಲಿ ಬೀಗದ ಅಂಗಡಿಯ ಮಹಡಿಯ ಮೇಲೆ ನಾವು ಮೂವರು ನಡೆಸುತ್ತಿದ್ದ ಪುಟ್ಟ ಕಂಪನಿ ಪೂರ್ತಿಯಾಗಿ ಅವರ ಯಂತ್ರವನ್ನೇ ನಂಬಿ ನಿಂತಿತ್ತು. ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರು ಫೋನ್ ಮಾಡಿ, ಎಲೆ ಹೀಗೆ ಹಳದಿಯಾಗಿದೆ, ಏನು ಹೊಡೆಯಲಿ ಎಂದು ಕೇಳಿದರೆ ಬಾಯಿಮಾತಿನಲ್ಲೇ ಉತ್ತರ ಬರುವ ಸೇವೆ. ತಮಿಳಿನಲ್ಲೂ ಸರಿ, ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ನಮ್ಮವರ ಮನೆಮಾತಿನ ಕನ್ನಡದಲ್ಲೂ ಸರಿ. ಕೇಳಿಸಿಕೊಳ್ಳುವುದು ಅವರ ಯಂತ್ರ, ಯೋಚಿಸುವುದು ಅವರ ಯಂತ್ರ. ನಮ್ಮದೆಂದರೆ ಫೋನ್ ನಂಬರು ಮತ್ತು ಜಂಬ. ನೆಂಟರ ಮುಂದೆ ಮಾತ್ರ ಎಲ್ಲ ನಾವೇ ಮಾಡಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅತ್ತೆ ಅದನ್ನು ಅಕ್ಷರಶಃ ನಂಬಿದ್ದಳು.

ಮುಖ್ಯಸ್ಥ ಹೋದ ಸುದ್ದಿ ಬಂದ ಬೆಳಿಗ್ಗೆಯೇ, ನಮ್ಮಲ್ಲಿ ಹಣ ಹೂಡಲು ಒಪ್ಪಿದ್ದ ಚೆನ್ನೈಯವರು "ಸ್ವಲ್ಪ ನೋಡೋಣ" ಎಂದು ರಾಗ ಎಳೆದರು. ಅಲ್ಲಿನ ನೌಕರರೆಲ್ಲ ಬಿಟ್ಟು ಹೋಗುತ್ತಾರಂತೆ, ಸೇವೆ ನಿಂತೇಹೋಗುತ್ತದಂತೆ ಎಂದು ಗಳಿಗೆಗೊಂದು ಮಾತು. ಪಾಲುದಾರರಲ್ಲಿ ಒಬ್ಬ, ಇವತ್ತೇ ಎಲ್ಲವನ್ನೂ ಬೇರೆ ಕಂಪನಿಯ ಯಂತ್ರಕ್ಕೆ ಬದಲಾಯಿಸೋಣ ಎಂದು ಕುಣಿದ. ಇನ್ನೊಬ್ಬಳು ಅಳುವುದಕ್ಕೇ ಶುರುಮಾಡಿದಳು. ನಾನು ಇಬ್ಬರಿಗೂ ಬೈದೆ. ಅಷ್ಟು ಬಿಟ್ಟರೆ ನನಗೂ ಏನೂ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ಮಗಳು ಫೋನ್ ಮಾಡಿದಳು. ನನಗಿಂತ ದೊಡ್ಡವಳು, ಮದಿನಿ ಎಂದು ಕರೆಯುತ್ತೇನೆ.

"ಅವ್ವ ಹೋಗ್ಬುಟ್ಳು ಯಮ್ಮಾ. ಮತ್ಯಾನಕ್ಕೆ ಎತ್ಬೇಕು. ತೇನೀಲಿ ಇಳ್ದು ಕೋಡಿ ತಗೊಂಡು ಬಾ. ಮರೀಬ್ಯಾಡ."

ಮರೆಯುತ್ತೇನೆಯೇ ಎಂದು ಅವಳ ಮೇಲೇ ರೇಗಿದೆ.

ಬಸ್ಸಿನಲ್ಲಿ ಬತ್ತಲಗುಂಡು ಬರುವ ತನಕ ಅತ್ತೆಯನ್ನೇ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಆಮೇಲೆ ದಿಂಡಿಗಲ್‌ನಿಂದ ಫೋನ್. ಚೆನ್ನೈಯವರೂ ಜೊತೆಗಿದ್ದಾರೆ, ನೀನೇ ಮಾತಾಡು ಎಂದರು ಪಾಲುದಾರರು. ಪೆರಿಯಕುಳಂ ದಾಟಿದ್ದು ತಿಳಿಯಲಿಲ್ಲ. ತೇನಿ ನಿಲ್ದಾಣದಲ್ಲಿ ಬಸ್ಸು ಸಾಕಷ್ಟು ಹೊತ್ತು ನಿಂತಿತ್ತು. ಸೌತೆಕಾಯಿ ಮಾರುವವರು ಹತ್ತಿದರು, ಇಳಿದರು. ನಾನು ಒಂದು ಕಿವಿ ಮುಚ್ಚಿಕೊಂಡು, ಅವನು ವಾಪಸ್ ಬಂದೇ ಬರುತ್ತಾನೆ, ಹಾಗೆಲ್ಲ ಬಿಟ್ಟು ಹೋಗುವವನಲ್ಲ ಎಂದು ತಮಿಳಿನಲ್ಲಿ ಕೂಗುತ್ತಿದ್ದೆ, ಅವನೇನೋ ನನ್ನ ಕಣ್ಣೆದುರೇ ಬೆಳೆದವನ ಹಾಗೆ. ಪಕ್ಕದ ಸೀಟಿನ ಮುದುಕಿ ನನ್ನ ಮೊಣಕೈ ಮುಟ್ಟಿ, "ಯಾರು ಕಣ್ಣು ಓಡಿಪ್ಪೋನದು? ವೀಟ್ಟುಕ್ಕಾರರಾ?" ಎಂದಳು. ಓಡಿಹೋದವನು ನನ್ನ ಗಂಡ ಎಂದುಕೊಂಡಿದ್ದಳು ಪಾಪ.

ಅತ್ತೆಯ ಊರು ಉತ್ತಮಪಾಳ್ಯದಿಂದ ಆಚೆ. ನಾನು ತಲುಪುವಷ್ಟರಲ್ಲಿ ಸ್ನಾನ ಮಾಡಿಸಿ, ಹೂ ಹಾಕಿ, ಎಲ್ಲ ಮುಗಿದಿತ್ತು. ಶಾಮಿಯಾನದ ಕೆಳಗೆ ಜನ ನನಗಾಗಿಯೇ ಕಾದಿದ್ದರು. ಜಗಲಿಯಲ್ಲಿದ್ದ ಹಿರಿಯರೊಬ್ಬರು "ಪೊರಂದ ವೀಡು ವಂದಾಚ್ಚು" ಎಂದು ಕೂಗಿದರು, ತವರು ಬಂತು ಎಂದು. ತಮಟೆಯವರು ಎದ್ದು ಬಾರಿಸುತ್ತ ನನ್ನನ್ನು ಎದುರುಗೊಳ್ಳಲು ಬಂದರು. ಹಿಂದೆಯೇ ಹೆಂಗಸೊಬ್ಬಳು ಕೋಡಿ ಇಡಲು ತಟ್ಟೆ ಹಿಡಿದು ಬಂದಳು. ಖಾಲಿ ತಟ್ಟೆ ಕಂಡಾಗಲೇ ನನಗೆ ನೆನಪಾದದ್ದು.

ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲವಿತ್ತು. ಅದರ ಜಿಪ್ ಎಳೆದು, ಒಳಗೆ ಸೀರೆ ಇದೆಯೇನೋ ಎಂಬಂತೆ ಕೈಹಾಕಿ ತಡಕಾಡಿದೆ. ಆ ನಾಟಕ ನೆನೆದರೆ ಇವತ್ತಿಗೂ ಮೈಯೆಲ್ಲ ಹಿಡಿಯಾಗುತ್ತದೆ. ಚಾರ್ಜರಿನ ವೈರು ಈಚೆ ಬಂತು. ತಮಟೆ ನಿಂತಿತು. "ಎಲ್ಲಮ್ಮಾ ಕೋಡಿ?" ಎಂದು ಹಿರಿಯರು ಮೆಲ್ಲಗೆ ಕೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಷ್ಟು ಜನರೆದುರು, ಮಲಗಿದ್ದ ಅತ್ತೆಯೆದುರು, ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮದಿನಿ ಹೆಣದ ತಲೆದೆಸೆಯಿಂದ ಎದ್ದಳು. ಒಳಗೆ ಬೀರು ತೆರೆದ ಸದ್ದಾಯಿತು. ಮಡಿಕೆ ಬಿಚ್ಚದ ಹಸಿರು ಸೀರೆಯೊಂದನ್ನು ತಂದು ತಟ್ಟೆಯಲ್ಲಿಟ್ಟಳು.

"ಅವ್ಳು ಮುಂದಾಗೇ ಆಳ್ ಕೈಲಿ ಕಳ್ಸಿದ್ಳು. ನಾನೇ ಒಳ್ಗಿಟ್ಟಿದ್ದೆ. ನಡೀರಿ, ಹೊತ್ತಾತು."

ನಂಬಿದವರು ಎಷ್ಟು ಜನವೋ ಗೊತ್ತಿಲ್ಲ. ತಮಟೆ ಮತ್ತೆ ಶುರುವಾಯಿತು. ಆ ಸೀರೆಯನ್ನು ನಾನೇ ಅತ್ತೆಗೆ ಹೊದಿಸಿದೆ. ಒಳ್ಳೇ ಬಣ್ಣ ನೋಡಿ ತಂದಿದ್ದೀಯ ಎಂದು ಯಾರೋ ಹಣ್ಣುಮುದುಕಿ ನನ್ನ ಕೆನ್ನೆ ಸವರಿದಳು.

ಹಾಲುತುಪ್ಪ ಬಿಡುವ ದಿನ ಸುದ್ದಿ ಬಂತು. ಮುಖ್ಯಸ್ಥ ಮತ್ತೆ ತನ್ನ ಕುರ್ಚಿಗೆ ಬಂದು ಕೂತಿದ್ದ. ಹೊರಗಟ್ಟಿದವರಲ್ಲೇ ಕೆಲವರು ಹೊರಗೆ ಹೋಗಿದ್ದರು. ನಮಗೆ ಯಾವ ಅನುಮಾನವೂ ಇರಲಿಲ್ಲ ಎಂದು ಚೆನ್ನೈಯವರು ನಾಚಿಕೆಯಿಲ್ಲದೆ ಬರೆದಿದ್ದರು. ನನ್ನ ಮುಖ ಅರಳಿರಬೇಕು. ಜಗಲಿಯ ಹಿರಿಯರು ಏನು ಸಮಾಚಾರ ಎಂದರು. ಹೇಳಿದೆ. ನಮ್ಮ ಕುಲದಲ್ಲಿ ದೇವರಿಗೆ ಬಿಟ್ಟ ದನಗಳ ಮಂದೆಯಿದೆ, ಅದಕ್ಕೊಂದು ದೊರೆ ಎತ್ತು, ಪಟ್ಟದ ಆವು ಎನ್ನುತ್ತೇವೆ. ಅವರಿಗೆ ಅದು ನೆನಪಾಯಿತು.

"ನಮ್ಮಲ್ಲಿ ಪಟ್ಟದ ಆವು ಸತ್ರೆ ಕಬ್ಬಿನ್ ಕಟ್ಟು ಇಟ್ಟು ನೋಡ್ತೀವಿ. ಯಾವ್ದು ಮೊದ್ಲು ಬಾಯಾಕ್ತದೋ ಅದ್ಕೇ ಪಟ್ಟ. ಅಲ್ಲಿ ಏನ್ ಇಟ್ಟು ನೋಡಿದ್ರು ಯಮ್ಮಾ?"

ಸುತ್ತಲಿದ್ದವರು ನಕ್ಕರು. ನಾನೂ ಗಟ್ಟಿಯಾಗಿ ನಕ್ಕೆ. ನಗು ಮುಗಿಯುವ ಮೊದಲೇ ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಸದ್ದು ಕೇಳಿಸಿ ಬಾಯಿ ಮುಚ್ಚಿಕೊಂಡೆ. ಎದ್ದು ಮದಿನಿಯ ಹತ್ತಿರ ಹೋದೆ.

"ಆ ಸೀರೆ ಯಾರ್ದು ಮದಿನಿ? ಅಂಥದ್ದೇ ಬೇರೆ ತಂದ್ಕೊಡ್ತೀನಿ."

ಅವಳು ತಲೆ ಎತ್ತಲಿಲ್ಲ. "ನಿಂದೇ."

ನನಗೆ ಅರ್ಥವಾಗಲಿಲ್ಲ.

"ನಿನ್ ಕಂಪ್ನಿ ದೊಡ್ದಾಗಿ ತೆರ್ಯೋ ದಿನ ಉಟ್ಕಳ್ಳಿ ಅಂತ ಅವ್ವ ದೀವಳೀಲೇ ತಗ್ದಿಟ್ಟಿದ್ಳು. ನಮ್ ಮನೆ ಹೆಣ್ಣೇ ಎಲ್ಲಾ ಮಾಡಿರೋದು ಅಂತ ಊರ್ ತುಂಬ ಹೇಳ್ಕಂಡ್ ತಿರ್ಗ್ತಿದ್ಳು. ಸರಿ ಬುಡು. ಆ ಚೊಂಬು ಇತ್ತ ಕೊಡು."

ಚೊಂಬು ಕೊಟ್ಟೆ. ಅವಳು ತೊಳೆದು ಬೋರಲು ಹಾಕಿದಳು.

ಕೆಲವು ತಿಂಗಳ ಮೇಲೆ ಚೆನ್ನೈಯವರ ಹಣ ಬಂತು, ದಿಂಡಿಗಲ್‌ನಲ್ಲಿ ಹೊಸ ಕಚೇರಿ ತೆರೆದೆವು. ಅವತ್ತು ಉಡಲು ನನ್ನಲ್ಲಿ ಬೇಕಾದಷ್ಟು ಸೀರೆಗಳಿದ್ದವು. ಒಂದೊಂದನ್ನೇ ತೆಗೆದು ನೋಡಿ ಮತ್ತೆ ಬೀರುವಿನಲ್ಲಿಟ್ಟೆ. ದಿನಾ ಹಾಕುವ ಚೂಡಿದಾರಿನಲ್ಲೇ ಹೋಗಿ ದೀಪ ಹಚ್ಚಿದೆ. ಚೆನ್ನೈಯವರು ನಾಲ್ಕು ಮಾತಾಡುತ್ತ ನನ್ನ ಸರಳತೆಯನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನೂ ಅವರು ವಿನಯ ಎಂದುಕೊಂಡರು.