ಒಳಗ ಹೆಣ್ಮಗಳು ಅದಾಳ

ನನ್ನ ಅತ್ತಿಗೆಯದು ದೊಡ್ಡ ಗಂಟಲು. ಹೊಸಹಳ್ಳಿಯಲ್ಲಿ ಅಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಗಿರಣಿ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆದರೆ ಅತ್ತಿಗೆ ಅಡುಗೆಮನೆಯಿಂದ ಉಣ್ಣಲು ಕರೆದರೆ ಅಣ್ಣನಿಗಷ್ಟೇ ಅಲ್ಲ, ಹೊರಗೆ ಕಟ್ಟೆಯ ಮೇಲೆ ಸರದಿ ಕಾಯುತ್ತ ಕೂತ ಹೆಂಗಸರಿಗೂ ಕೇಳಿಸುತ್ತಿತ್ತು. ಅವರು ನಗುತ್ತ, ಹೋಗಿ ಉಂಡು ಬಾ ಎಂದು ಅಣ್ಣನನ್ನು ಒಳಗೆ ಅಟ್ಟುತ್ತಿದ್ದರು. ನನ್ನನ್ನು ಕೊಟ್ಟಿದ್ದು ಕೊಟ್ಟೂರಿಗೆ. ಅಲ್ಲಿ ಮನೆಯ ಪಡಸಾಲೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಅತ್ತಿಗೆ ಫೋನ್ ಮಾಡಿದರೆ ಕಿವಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡುತ್ತಿದ್ದೆ.

ಆ ಗಂಟಲು ಒಂದು ಬೆಳಿಗ್ಗೆ ಹೋಯಿತು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಕುಡ್ಲಿಗಿ, ಬಳ್ಳಾರಿ ಎಲ್ಲ ಕಡೆ ತೋರಿಸಿದೆವು. ಎಡಗೈಯಲ್ಲಿ ಸ್ವಲ್ಪ ಶಕ್ತಿ ಉಳಿಯಿತು, ಅಷ್ಟೇ. ಅಣ್ಣನ ಒಬ್ಬಳೇ ಮಗಳನ್ನು ಹಡಗಲಿಗೆ ಕೊಟ್ಟಿದ್ದರು. ಅವಳು ಬಂದು ಒಂದು ತಿಂಗಳು ತಾಯಿಯ ಬಳಿ ಇದ್ದು, ಹೋಗುವಾಗ ಮಂಚದ ಎಡಗಡೆ ಒಂದು ಸ್ಟೀಲಿನ ತಾಟು ತೂಗುಹಾಕಿ ಚಮಚ ಕಟ್ಟಿಕೊಟ್ಟಳು. ಏನಾದರೂ ಬೇಕಾದರೆ ಅತ್ತಿಗೆ ತಾಟು ಬಡಿಯಬೇಕು.

ಗಿರಣಿಯ ಸದ್ದಿನಲ್ಲಿ ತಾಟು ಕೇಳಿಸುವುದಿಲ್ಲ ಎಂದು ಅಣ್ಣನಿಗೆ ಗೊತ್ತಿತ್ತು. ಅದಕ್ಕೆ ಒಬ್ಬೊಬ್ಬರ ಚೀಲ ಮುಗಿದಾಗಲೂ ಮೋಟಾರು ನಿಲ್ಲಿಸಿ, ಹಿಂದಿನ ಬಾಗಿಲ ಕಡೆ ಕಿವಿಗೊಟ್ಟು, ಆಮೇಲೆ ಮುಂದಿನವರ ಜೋಳ ಹಾಕುತ್ತಿದ್ದ. ಜನಕ್ಕೆ ಇದು ರೂಢಿಯಾಗಿಹೋಗಿತ್ತು. ಮೋಟಾರು ನಿಂತ ಕೂಡಲೇ ಕಟ್ಟೆಯ ಮೇಲಿನ ಹೆಂಗಸರೂ ಮಾತು ನಿಲ್ಲಿಸುತ್ತಿದ್ದರು.

ಯುಗಾದಿಯ ಮುಂಚಿನ ದಿನ. ಹೋಳಿಗೆಗೆ ಗೋಧಿ, ರೊಟ್ಟಿಗೆ ಜೋಳ, ಚೀಲಗಳ ಸಾಲು ರಸ್ತೆಯವರೆಗೆ ಬಂದಿತ್ತು. ಕರೆಂಟು ಯಾವಾಗ ಹೋಗುತ್ತದೋ ಎಂಬ ಅವಸರ ಬೇರೆ. ಅವತ್ತು ಅಣ್ಣ ಗಿರಣಿ ನಿಲ್ಲಿಸಲಿಲ್ಲ. ಒಂದು ಚೀಲದ ಹಿಂದೆ ಇನ್ನೊಂದು ಸುರಿಯುತ್ತ ಹೋದ. ಅತ್ತಿಗೆಯ ತಲೆಯ ಬಳಿ ಇದ್ದ ಟೇಬಲ್ ಫ್ಯಾನಿನ ವೈರು ಸುಟ್ಟು ಕಿಡಿ ಹಾಸಿಗೆಗೆ ಬಿದ್ದಿತ್ತು. ಹತ್ತಿಯ ಹಾಸಿಗೆ ಉರಿಯಲಿಲ್ಲ, ಒಳಗೊಳಗೇ ಹೊಗೆಯಾಡಿತು. ಗಿರಣಿಯಲ್ಲಿ ಬಿಸಿಕಲ್ಲಿನ ವಾಸನೆ, ಹಾರುವ ಹಿಟ್ಟು. ಹೊಗೆಯ ವಾಸನೆ ಯಾರ ಮೂಗಿಗೂ ಬರಲಿಲ್ಲ. ಹಿಂದಿನ ಓಣಿಯಲ್ಲಿ ನೀರು ಹಿಡಿಯಲು ಹೊರಟ ಒಬ್ಬಾಕೆ ಕಿಟಕಿಯಿಂದ ಹೊಗೆ ಬರುವುದನ್ನು ಕಂಡು ಸುತ್ತಿ ಬಂದು ಅಣ್ಣನ ತೋಳು ಹಿಡಿದು ಎಳೆದಳಂತೆ. ಕುಡ್ಲಿಗಿಯಿಂದ ಬೆಂಕಿ ಆರಿಸುವ ಗಾಡಿ ಬರುವಷ್ಟರಲ್ಲಿ ಓಣಿಯವರೇ ಕೊಡಗಳಿಂದ ನೀರು ಸುರಿದು ಆರಿಸಿದ್ದರು. ಅತ್ತಿಗೆಯ ಮೈ ಹೆಚ್ಚು ಸುಟ್ಟಿರಲಿಲ್ಲ. ಹೊಗೆಯಿಂದಲೇ ಹೋಗಿದ್ದಾರೆ ಎಂದರು ಡಾಕ್ಟರು.

ನಾನು ತಲುಪಿದಾಗ ಅಣ್ಣ ಹಿಟ್ಟು ಮೆತ್ತಿದ ಮೈಯಲ್ಲೇ ಕಟ್ಟೆಯ ಮೇಲೆ ಕೂತಿದ್ದ. ರೆಪ್ಪೆಯ ಮೇಲೂ ಹಿಟ್ಟು. ಅವನನ್ನು ಯಾರೂ ಮುಟ್ಟಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಲು ಹೋದರೆ ಕೈ ಸರಿಸಿದ.

ಕಾರ್ಯ ಮುಗಿದ ದಿನ, ಬೀಗರು ಬಿಜ್ಜರು ಇನ್ನೂ ಕೂತಿರುವಾಗಲೇ, ಮಗಳು ಅವನ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ.

“ಅವ್ವ ತಾಟು ಬಡ್ದಿರ್ತಾಳಪ್ಪ” ಎಂದಳು. “ಕೈ ಸೋಲೋತನಕ ಬಡ್ದಿರ್ತಾಳ.”

ಅವಳು ಅವತ್ತೇ ಗಂಡನ ಜೊತೆ ಹಡಗಲಿಗೆ ಹೋದಳು. ಮತ್ತೆ ಬರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಣ್ಣನ ತಲೆಗೆ ಆ ಯಂತ್ರದ ವಿಚಾರ ಬಂತು. ಹರಪನಹಳ್ಳಿಯಿಂದ ಅಂಗಡಿಗಳಿಗೆ ಸಿಸಿ ಕ್ಯಾಮರಾ ಹಾಕಲು ಬರುತ್ತಿದ್ದ ಒಬ್ಬ ಮೆಕ್ಯಾನಿಕ್ ಗಿರಣಿಯಲ್ಲಿ ಕೂತು ಚಹಾ ಕುಡಿಯುತ್ತ ಹೇಳಿದನಂತೆ, ಈಗ ಹೊಗೆ ಕಂಡರೆ ತಾನೇ ಕೂಗುವ ಅಲಾರಂ ಬಂದಿದೆ, ಜೊತೆಗೆ ಸಿಮ್ ಹಾಕಿದ ಒಂದು ಡಬ್ಬಿ ಇರುತ್ತದೆ, ಅದು ಯಾರೂ ಮುಟ್ಟದೆ ತುರ್ತು ಸೇವೆಯ ನಂಬರಿಗೆ ಫೋನ್ ಮಾಡುತ್ತದೆ, ಮನೆಯವರಿಗೂ ಮಾಡುತ್ತದೆ ಎಂದು. ಅಣ್ಣ ಅದನ್ನು ತರಿಸಿದ. ಗಿರಣಿಗೆ ಹಾಕಿಸಬಹುದಿತ್ತು, ಅಡುಗೆಮನೆಗೆ ಹಾಕಿಸಬಹುದಿತ್ತು. ಅವನು ಹಾಕಿಸಿದ್ದು ಅತ್ತಿಗೆ ಮಲಗುತ್ತಿದ್ದ ಕೋಣೆಯಲ್ಲಿ, ಖಾಲಿ ಮಂಚದ ಮೇಲಿನ ಸೂರಿಗೆ. ಯಾರು ಏನು ಹೇಳಿಯಾರು. ಹೆಂಡತಿಯನ್ನು ಹಾಗೆ ಕಳೆದುಕೊಂಡವನು ಎಂದು ಓಣಿಯವರು ಸುಮ್ಮನಾದರು. ನಾನೂ ಹಾಗೇ ಅಂದುಕೊಂಡೆ. ಅದರಿಂದ ಅವನಿಗೆ ಒಂದಿಷ್ಟು ನಿದ್ದೆ ಬಂದರೆ ಬರಲಿ ಅನ್ನಿಸಿತ್ತು.

ಫೋನಿನಲ್ಲಿ ಏನು ಹೇಳಬೇಕು ಎಂಬುದನ್ನು ಮನೆಯವರೇ ರೆಕಾರ್ಡ್ ಮಾಡಿಡಬೇಕು. ಅಣ್ಣ ಏನು ಹೇಳಿಟ್ಟಿದ್ದಾನೆ ಎಂಬುದು ನನಗೆ ಗೊತ್ತಾಗಿದ್ದು ಶ್ರಾವಣದ ಒಂದು ಮಧ್ಯಾಹ್ನ. ಮಷಿನ್ ಮೇಲೆ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಅಣ್ಣನ ದನಿ.

“ಬೆಂಕಿ ಬಿದ್ದೈತಿ. ಹೊಸಳ್ಳಿ, ಬಸ್ ಸ್ಟ್ಯಾಂಡಿನಿಂದ ಬಲಕ್ಕ ಹಿಟ್ಟಿನ ಗಿರಣಿ, ಗಿರಣಿ ಹಿಂದಿನ ಮನಿ. ಒಳಗ ಹೆಣ್ಮಗಳು ಅದಾಳ. ಆಕಿಗೆ ಏಳಾಕ ಬರಂಗಿಲ್ಲ. ಲಗೂನ ಬರ್ರಿ.”

ನಾನು ಅಣ್ಣಾ ಅಣ್ಣಾ ಅನ್ನುತ್ತಿದ್ದೇನೆ, ಅವನು ಉತ್ತರ ಕೊಡದೆ ಅದನ್ನೇ ಮೊದಲಿನಿಂದ ಹೇಳುತ್ತಿದ್ದಾನೆ. ಎರಡನೇ ಸಲ ಕೇಳಿದಾಗಲೇ ಇದು ಆ ಡಬ್ಬಿ ಎಂದು ಹೊಳೆದದ್ದು. ಒಳಗೆ ಯಾವ ಹೆಣ್ಣುಮಗಳೂ ಇಲ್ಲ ಎಂದು ನನಗೆ ಗೊತ್ತು. ಆದರೂ ಫೋನ್ ಕಟ್ ಮಾಡಲು ಆಗಲಿಲ್ಲ. ಮುಗಿಯುವವರೆಗೂ ಕೇಳಿಸಿಕೊಂಡು, ಹೊಲಿಗೆಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ.

ಕುಡ್ಲಿಗಿಯಲ್ಲಿ ಬಸ್ ಬದಲಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಂಕಿ ಇರಲಿಲ್ಲ. ಗಿರಣಿಯ ಹಿಟ್ಟಿನ ಧೂಳು ನಡುವಿನ ಬಾಗಿಲಿನಿಂದ ಒಳಹೋಗಿ ಅಲಾರಂ ಬಾಯಿಗೆ ತುಂಬಿ ಅದು ಕೂಗಿಕೊಂಡಿತ್ತು. ಬೆಂಕಿ ಆರಿಸುವ ಗಾಡಿಯವರು ಬಂದವರೇ ಒಳಗೆ ನುಗ್ಗಿ, ಮಂಚದ ಕೆಳಗೆ, ಬಚ್ಚಲಲ್ಲಿ, ಕಾಳಿನ ಕೋಣೆಯಲ್ಲಿ ಹೆಣ್ಣುಮಗಳನ್ನು ಹುಡುಕಿದರಂತೆ. ಎಲ್ಲಿ ಎಂದು ಕೇಳಿದರೆ ಅಣ್ಣ ಇಲ್ಲ ಅಂದನಂತೆ, ಅಷ್ಟೇ. ಅವರು ಒಳ್ಳೆಯ ಮಾತಿನಲ್ಲೇ, ಆ ಸಾಲನ್ನು ತೆಗೆಸಿ ಎಂದು ಹೇಳಿ ಹೋಗಿದ್ದರು.

ನಾನೂ ಅದನ್ನೇ ಹೇಳಿದೆ. ಅವರು ಪಾಪ ಇಲ್ಲದವಳನ್ನು ಹುಡುಕಬೇಕಲ್ಲ ಎಂದೆ.

“ಹೆಣ್ಮಗಳು ಅದಾಳ ಅಂದ್ರ ಲಗೂನ ಬರ್ತಾರ” ಎಂದ.

“ಈಗ ಯಾರದಾರ ಅಣ್ಣ ಒಳಗ?”

ಅವನು ಎದ್ದು ಮಂಚದ ಮೇಲಿನ ಹಿಟ್ಟಿನ ಧೂಳು ಒರೆಸಿದ. ಆಮೇಲೆ, “ಅವತ್ತು ಇದ್ಳಲ್ಲ” ಎಂದ.

ಅಲ್ಲಿಂದಾಚೆಗೆ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗತೊಡಗಿದೆ. ಅವನು ಒಲೆ ಹಚ್ಚುವುದನ್ನು ಬಿಟ್ಟಿದ್ದ. ದೇವರ ಮುಂದೆ ದೀಪವಿಲ್ಲ, ಊದುಬತ್ತಿಯಿಲ್ಲ. ಹೋದವಳೇ ಅವನಿಗೆ ಬಿಸಿಯಾಗಿ ಏನಾದರೂ ಮಾಡಿಹಾಕೋಣ ಎಂದರೆ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ತಣ್ಣನೆ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದ. ಅವನು ಬೆಂಕಿಗೆ ಹೆದರಿದ್ದಾನೆ ಎಂದು ನಾನು ತಿಳಿದಿದ್ದೆ. ಅದು ಹೆದರಿಕೆಯಲ್ಲ. ಸುಳ್ಳು ಕೂಗಿಗೆ ಗಾಡಿ ಮತ್ತೆ ಬಂದುಹೋದರೆ ನಿಜವಾಗಿ ಬೇಕಾದ ದಿನ ಬರುವುದಿಲ್ಲ ಎಂದು ಅವನು ಜೋಪಾನ ಮಾಡುತ್ತಿದ್ದ. ಆ ಬೇಕಾದ ದಿನ ಯಾವುದು ಎಂಬುದು ಅವನ ಮನಸ್ಸಿನಲ್ಲಿ ಆಗಲೇ ಇತ್ತೆಂದು ಕಾಣುತ್ತದೆ.

ಒಮ್ಮೆ ನನ್ನನ್ನು ಗಿರಣಿಯಲ್ಲಿ ಕಲ್ಲಿನ ಪಕ್ಕ ನಿಲ್ಲಿಸಿ ಮೋಟಾರು ಹಾಕಿ ಹಿಂದೆ ಹೋದ. ಅಲಾರಮ್ಮಿಗೆ ಒಂದು ಗುಂಡಿ ಇದೆ, ಒತ್ತಿದರೆ ಫೋನ್ ಮಾಡದೆ ಬರೀ ಕೂಗುತ್ತದೆ. ಒತ್ತಿ ಬಂದು, ನನ್ನ ಕಿವಿಗೆ ಬಾಯಿಟ್ಟು ಕೇಳಿಸಿತೇ ಎಂದ. ಇಲ್ಲ ಎಂದು ತಲೆಯಾಡಿಸಿದೆ. ಇನ್ನೊಮ್ಮೆ ನಿಲ್ಲು ಎಂದ. ನಿಂತೆ. ಕಲ್ಲಿನ ಗರಗರ ಬಿಟ್ಟರೆ ಏನೂ ಇಲ್ಲ. ಕೇಳಿಸಿತು ಅನ್ನಲೇ, ಇಲ್ಲ ಅನ್ನಲೇ, ಯಾವುದರಿಂದ ಅವನಿಗೆ ಕಡಿಮೆ ನೋವು ಎಂದು ನನಗೆ ತಿಳಿಯಲಿಲ್ಲ. ಇಲ್ಲ ಎಂದೇ ಹೇಳಿದೆ. ಅವನು ಮೋಟಾರು ಆರಿಸಿದ ಮೇಲೆ ಹಿಂದಿನ ಕೋಣೆಯಿಂದ ಆ ಕೂಗು ಊರಿಗೆಲ್ಲ ಕೇಳುವಂತೆ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಗಿರಣಿಗೆ ಬೀಗ. ಹಿತ್ತಲಲ್ಲಿ ಪಾತ್ರೆ ತಿಕ್ಕಿ ಒಳಗೆ ಬಂದರೆ ಅಣ್ಣ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಬುಟ್ಟಿಯಲ್ಲಿ ಹಳೆ ಹಾಸಿಗೆಯ ಹತ್ತಿ ತುಂಬಿ ಕಡ್ಡಿ ಗೀರುತ್ತಿದ್ದ. ನಾನು ಬುಟ್ಟಿಗೆ ಕೈ ಹಾಕಿದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಬೈಯಲಿಲ್ಲ, ಎಳೆದಾಡಲಿಲ್ಲ. ಸುಮ್ಮನೆ ಹಿಡಿದು ಬಾಗಿಲ ಹೊರಗೆ ತಂದು ನಿಲ್ಲಿಸಿದ. ಹೊಗೆ ಕರ್ರಗೆ ಏಳಲಿಲ್ಲ, ಬೆಳ್ಳಗೆ, ಹಾಲು ಉಕ್ಕುವ ಹಾಗೆ ಮೆಲ್ಲಗೆ ತುಂಬಿತು. ಅಲಾರಂ ಕಿರುಚಿತು. ಒಂದು ಗಳಿಗೆಯಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಎತ್ತಿದೆ. ಒಳಗೆ ಹೆಣ್ಣುಮಗಳಿದ್ದಾಳೆ, ಬೇಗ ಬನ್ನಿ ಎಂದು ಅಣ್ಣನ ದನಿ ಕಿವಿಯಲ್ಲಿ ಹೇಳುತ್ತಿದೆ. ಅಣ್ಣ ನನ್ನ ಎದುರಿಗೇ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ. ಅವನ ಕಣ್ಣು ಪಡಸಾಲೆಯ ಗೋಡೆ ಗಡಿಯಾರದ ಮೇಲೆ.

ಓಣಿಯವರು ಓಡಿ ಬಂದರು. ಅವನು ಯಾರನ್ನೂ ಒಳಗೆ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಗಡಿಯಾರವನ್ನೇ ನೋಡುತ್ತಿದ್ದ. ಕೆಮ್ಮುತ್ತಿದ್ದ. ಹತ್ತಿ ಹೊಗೆಯಾಡಿ ಹೊಗೆಯಾಡಿ ತಾನಾಗಿ ಬೂದಿಯಾಗುವ ಹೊತ್ತಿಗೆ ದೂರದಲ್ಲಿ ಗಾಡಿಯ ಗಂಟೆ ಕೇಳಿಸಿತು.

ಗಾಡಿಯ ಹಿರಿಯ, ನೆರೆತ ಮೀಸೆಯವನು, ಬುಟ್ಟಿ ಕಂಡ ಕೂಡಲೇ ತಿಳಿದುಕೊಂಡ. ಸಿಟ್ಟಿನಿಂದ ಬುಟ್ಟಿಯನ್ನು ಬೂಟುಗಾಲಿನಿಂದ ತಳ್ಳಿದ. ಇದು ಅಪರಾಧ, ಕೇಸ್ ಆಗುತ್ತದೆ, ಈ ಹೊತ್ತಿನಲ್ಲಿ ಬೇರೆಲ್ಲಾದರೂ ಬಣವೆಗೋ ಮನೆಗೋ ಬೆಂಕಿ ಬಿದ್ದರೆ ಯಾರು ಹೋಗಬೇಕು ಎಂದು ಕೇಳಿದ. ನಾನು ಕೈಮುಗಿದು ನಿಂತೆ. ಅಣ್ಣ ಅದಾವುದನ್ನೂ ಕೇಳಿಸಿಕೊಂಡವನಂತೆ ಕಾಣಲಿಲ್ಲ.

“ನೀವು ಈಗ ಬಂದ್ರಲ್ರಿ” ಎಂದ. “ಇಷ್ಟೊತ್ತಿಗೆ ಬಂದಿದ್ರ ಆಕಿ ಉಳೀತಿದ್ಳೇನ್ರಿ?”

ಹಿರಿಯ ನನ್ನ ಮುಖ ನೋಡಿದ. ನಾನು ಎರಡು ಮಾತಿನಲ್ಲಿ ಹೇಳಿದೆ, ಅತ್ತಿಗೆ, ಈ ಕೋಣೆ, ಹಾಸಿಗೆಗೆ ಕಿಡಿ. ಗಿರಣಿಯ ವಿಷಯ ಹೇಳಲಿಲ್ಲ. ಅವನ ಸಿಟ್ಟು ಇಳಿಯಿತು. ಟೊಪ್ಪಿಗೆ ತೆಗೆದು ಅಣ್ಣನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ಅವನು ಹೇಳಿದ್ದನ್ನು ಸಮಾಧಾನಕ್ಕೆಂದೇ ಹೇಳಿದ. ಅದರಲ್ಲಿ ನನಗೆ ಅನುಮಾನವಿಲ್ಲ.

“ಇಲ್ರಿ ಯಜಮಾನ್ರ. ಹತ್ತಿ ಹೊಗಿ ಭಾಳ ಕೆಟ್ಟದ್ದು. ನಾವು ಎಷ್ಟು ಓಡ್ಸಿಕೊಂಡು ಬಂದ್ರೂ ಆಗ್ತಿರ್ಲಿಲ್ಲ. ಬಾಜೂಕ ಯಾರರ ಇದ್ದು, ಆಗಿಂದಾಗ ಎತ್ತಿ ಹೊರಗ ತಂದಿದ್ರ, ಅಷ್ಟ.”

“ಬಾಜೂಕ ಇದ್ದವ್ರು” ಎಂದ ಅಣ್ಣ.

“ಹೌದ್ರಿ. ಬಾಜೂಕ ಇದ್ದವ್ರು.”

ಅಣ್ಣ ತಲೆಯಾಡಿಸಿದ. ಯಾರೋ ಲೆಕ್ಕ ಸರಿಯಾಗಿ ಒಪ್ಪಿಸಿದಾಗ ತಲೆಯಾಡಿಸುವ ಹಾಗೆ. ಆಮೇಲೆ ಎದ್ದು ಆ ಮನುಷ್ಯನಿಗೆ ಕುಡಿಯಲು ನೀರು ತಂದುಕೊಟ್ಟ. ಉಳಿಸಬಹುದಾಗಿದ್ದು ಪಕ್ಕದಲ್ಲೇ ಇದ್ದವರು ಮಾತ್ರ, ಇಷ್ಟು ತಿಂಗಳು ಅವನು ಕಾದದ್ದು ಇದೊಂದು ಮಾತಿಗೆ ಎಂದು ನನಗೆ ಆಗ ಅರ್ಥವಾಯಿತು. ಅರ್ಥವಾಗಿ ಏನು ಮಾಡುವುದು. ಸುಳ್ಳು ಹೇಳಿ ಎಂದು ಆ ಹಿರಿಯನಿಗೆ ಕಣ್ಣಲ್ಲಾದರೂ ಸನ್ನೆ ಮಾಡಲು ನನಗೆ ಹೊತ್ತೂ ಇರಲಿಲ್ಲ.

ಠಾಣೆಗೆ ಕರೆಸಿದರು. ಸಂಗತಿ ತಿಳಿದು, ಇನ್ನೊಮ್ಮೆ ಮಾಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು. ಹರಪನಹಳ್ಳಿಯ ಮೆಕ್ಯಾನಿಕ್ ಬಂದು ಸಿಮ್ ತೆಗೆದು, ಡಬ್ಬಿಯನ್ನೂ ಅಲಾರಮ್ಮನ್ನೂ ಬಿಚ್ಚಿಕೊಂಡು ಹೋದ. ಒಳ್ಳೆಯದಾಗಲಿ ಎಂದೇ ಹೇಳಿದ್ದೆ ಅಕ್ಕಾ ಎಂದು ಅವನು ನನ್ನೆದುರು ಬಹಳ ನೊಂದುಕೊಂಡ. ಅಣ್ಣ ಅದನ್ನು ಬಿಚ್ಚುವಾಗ ಏಣಿ ಹಿಡಿದುಕೊಂಡು ನಿಂತಿದ್ದ. ತಡೆಯಲಿಲ್ಲ. ಅದರಿಂದ ಆಗಬೇಕಾದ ಕೆಲಸ ಅವನಿಗೆ ಮುಗಿದಿತ್ತು.

ಸಂಕ್ರಾಂತಿಯ ಹೊತ್ತಿಗೆ ನಾನು ಹಡಗಲಿಗೆ ಹೋಗಿ ಅವನ ಮಗಳನ್ನು ಕಂಡೆ. ಬುಟ್ಟಿಯ ಸಂಗತಿ, ಹಿರಿಯನ ಮಾತು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಚಹಾ ಮಾಡಿದಳು, ಲೋಟಕ್ಕೆ ಬಗ್ಗಿಸುವಾಗ ಅರ್ಧ ಹೊರಗೆ ಚೆಲ್ಲಿತು.

“ಅಪ್ಪಂದು ತಪ್ಪಲ್ಲ ಅಂತ ನನಗೂ ಗೊತ್ತೈತಿ ಅತ್ತಿ” ಎಂದಳು. “ಆದ್ರ ಆ ಮುಖ ನೋಡಾಕ ನನ್ನ ಕೈಲಿ ಆಗಂಗಿಲ್ಲ. ನೀ ಮತ್ತ ಕೇಳಬ್ಯಾಡ.”

ನಾನು ಮತ್ತೆ ಕೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಅವನು ಹಡಗಲಿಯ ಸುದ್ದಿ ಏನು ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಅವನು ಕೇಳಲೇ ಇಲ್ಲ.

ಗಿರಣಿಯನ್ನು ಈಗ ಊರಿನವನೇ ಒಬ್ಬ ಬಾಡಿಗೆಗೆ ಹಿಡಿದು ನಡೆಸುತ್ತಿದ್ದಾನೆ. ಕೊಟ್ಟೂರಿಗೆ ಬಂದು ನಮ್ಮೊಂದಿಗೆ ಇರು ಎಂದು ನಾನೂ ನನ್ನ ಗಂಡನೂ ಎಷ್ಟು ಸಲ ಕರೆದರೂ ಅಣ್ಣ ಮನೆ ಬಿಡಲಿಲ್ಲ. ಆದರೆ ಬೆಳಿಗ್ಗೆ ಮೋಟಾರು ಶುರುವಾದ ಕೂಡಲೇ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತಾನೆ. ಗಿರಣಿ ನಿಲ್ಲುವವರೆಗೂ ಅಲ್ಲೇ. ಹೊಸ ಕಂಡಕ್ಟರುಗಳು ಎಲ್ಲಿಗೆ ಹೋಗಬೇಕು ಯಜಮಾನ್ರೇ ಎಂದು ಕೇಳುತ್ತಾರೆ. ಹಳಬರು ಕೇಳುವುದಿಲ್ಲ.

ಹೋದ ವಾರ ನಾನು ಬಸ್ಸಿಳಿದಾಗ ಅವನು ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದ. ಮನೆಗೆ ಹೋಗೋಣ ಎಂದರೆ ಇನ್ನೂ ಗಿರಣಿ ನಡೆದಿದೆ ಎಂದ. ಅಲ್ಲೇ ಕೂತೆವು. ರೊಟ್ಟಿಯ ಗಂಟನ್ನು ಅವನ ಪಕ್ಕದಲ್ಲಿಟ್ಟೆ. ಊಟ ಆಯಿತೇ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದ. ನಾನು ಹೇಳಿದ್ದನ್ನು ಕೇಳಿಸಿಕೊಂಡನೋ ಇಲ್ಲವೋ. ಸಂಜೆಯ ಬಸ್ ಬಂತು, ನೂಕುನುಗ್ಗಲು. ಅವನು ಎದ್ದು ಹೋಗಿ ಕಿಟಕಿಯಿಂದ ತನ್ನ ಟವೆಲ್ ಹಾಕಿ ನನಗೊಂದು ಸೀಟು ಹಿಡಿದುಕೊಟ್ಟ. ನಾನು ಕೂತು ಟವೆಲನ್ನು ಹೊರಗೆ ಚಾಚಿದೆ. ಅವನು ಅದನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು, ಬಸ್ ಹೊರಡುವ ಮೊದಲೇ ತಿರುಗಿ ಬೆಂಚಿಗೆ ಹೋಗಿ ಕೂತ.