ಹಿಮ್ಮಡಿಯಿಲ್ಲದ ಹೆಜ್ಜೆ

ರೇಷ್ಮೆ ಹುಳು ಸಾಕುವ ಮನೆಯೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಅಕ್ಕೂರಿನ ನಮ್ಮಕ್ಕನ ಹುಳು ಮನೆಯಲ್ಲಿ ಬಾಗಿಲ ಬುಡಕ್ಕೇ ಸುಣ್ಣದ ಪುಡಿ ಹರಡಿರುತ್ತಿತ್ತು. ಹೊರಗಿನ ರೋಗ ಹುಳುವಿಗೆ ತಗಲದಿರಲಿ ಎಂದು ಅದನ್ನು ತುಳಿದೇ ಒಳಗೆ ಕಾಲಿಡಬೇಕು. ಹಾಗಾಗಿ ಕೆಂಪು ನೆಲದ ಮೇಲೆ ಅಕ್ಕನ ಬಿಳಿ ಹೆಜ್ಜೆಗಳು ಯಾವಾಗಲೂ ಕಾಣುತ್ತಿದ್ದವು. ಆ ವರ್ಷ ಎಡಗಾಲಿನ ಹೆಜ್ಜೆಯಲ್ಲಿ ಹಿಮ್ಮಡಿ ಮೂಡುತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ. ನೋಡಿಯೂ ಕೇಳಲಿಲ್ಲ.

ನನ್ನದು ರಾಮನಗರದಲ್ಲಿ ಗೂಡು ಕೊಂಡು ನೂಲು ತೆಗೆಸುವ ಕೆಲಸ. ಬೇರೆಯವರ ಗೂಡಿನ ಮೂಟೆ ಹೊತ್ತುಕೊಂಡು ಮಾರ್ಕೆಟ್ಟಿಗೆ ಬಂದವನು, ಅಲ್ಲೇ ಕಲಿತು ಬೆಳೆದೆ. ರಾಶಿಗೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನದು ಗಟ್ಟಿಯೋ ಕೊಳೆತದ್ದೋ ಹೇಳಬಲ್ಲೆ. ಎಮ್ಮೆ ಕೊಳ್ಳುವವರೂ ಸೈಟು ಕೊಳ್ಳುವವರೂ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೂ ಹೋಗಿ ಒಂದಿಷ್ಟು ಬುದ್ಧಿ ಹೇಳಿಬರುವುದು ನನ್ನ ಅಭ್ಯಾಸ.

ಒಂದು ಬೆಳಿಗ್ಗೆ ಅಕ್ಕನ ಬೆಳೆ ನೋಡಲು ಹೋದೆ. ಅವಳು ಒಳ್ಳೆಯ ಸೀರೆಯುಟ್ಟು, ಬ್ಯಾಗು ಹಿಡಿದು ಜಗಲಿಯ ಮೇಲೆ ಕೂತಿದ್ದಳು.

“ನನ್ನ ಒಸಿ ಚನ್ನಪಟ್ಣಕ್ಕೆ ಬುಡ್ಲಾ. ಡಾಕ್ಟ್ರಿಗೆ ಕಾಲು ತೋರಿಸ್ಬೇಕು.”

ಕಾಲೆತ್ತಿ ತೋರಿಸಿದಳು. ಹಿಮ್ಮಡಿಯಲ್ಲಿ ಹುಣಸೆ ಬೀಜದಷ್ಟು ಕಪ್ಪು. ಒಂದು ಅಂಚು ಮಾತ್ರ ನೆನೆದ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು.

“ಯಾವಾಗಿಂದ ಅಕ್ಕ?”

“ನಿಂಗೂ ಐತಲ್ಲ, ಅಂಥದ್ದೇ. ನಂದು ಓದ್ ವರ್ಷದಿಂದ ದೊಡ್ದಾಯ್ತಾ ಐತೆ. ಊರುದ್ರೆ ನೋಯ್ತದೆ.”

ನಿಜ. ನನ್ನ ಎಡ ಹಿಮ್ಮಡಿಯಲ್ಲೂ ತೊಗರಿ ಕಾಳಿನಷ್ಟು ಚುಕ್ಕೆ ಇತ್ತು, ಎಂದಿನಿಂದಲೋ ಗೊತ್ತಿಲ್ಲ. ಅವಳ ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗೂಡಿನ ದರ ಹೇಳುವ ಧಾಟಿಯಲ್ಲೇ ಹೇಳಿದೆ: “ಆಣಿ ಕಣಕ್ಕ. ಬರಿಗಾಲಲ್ಲಿ ತಿರುಗಿದ್ರೆ ಇನ್ನೇನಾಯ್ತದೆ? ಅಲ್ಲೋದ್ರೆ ಹತ್ತು ಟೆಸ್ಟ್ ಬರೀತಾರೆ. ಹುಳ ನಾಕನೇ ಜ್ವರಕ್ಕೆ ಕೂತವೆ, ಏಳ್ತಿದ್ದಂಗೆ ಸೊಪ್ಪು ಹಾಕೋರ್ಯಾರು? ಗೂಡು ಇಳೀಲಿ, ನಾನೇ ಕರ್ಕೊಂಡೋಯ್ತೀನಿ.”

“ಡಾಕ್ಟ್ರೂ ನೀನೇ ಆಗ್ಬುಟ್ಯಲ್ಲೋ” ಎಂದು ನಕ್ಕಳು. ಬ್ಯಾಗನ್ನು ಗೂಟಕ್ಕೆ ತಗುಲಿಹಾಕಿ, ಸೀರೆ ಬದಲಿಸಲು ಒಳಗೆ ಹೋದಳು.

ಆ ಬ್ಯಾಗು ಗೂಟದಲ್ಲಿ ಎರಡು ಸಲ ಓಲಾಡಿ ನಿಂತಿತು. ಈಗಲೂ ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕೂತಾಗ, ಅದು ಓಲಾಡುವುದು ಕಾಣುತ್ತದೆ.

ಗೂಡು ಇಳಿಯಿತು. ಅಷ್ಟರಲ್ಲಿ ಮುಂದಿನ ಬೆಳೆಯ ಹುಳು ಬಂತು. ಆಣಿ ಎಂದು ನಾನು ಹೇಳಿದ್ದೆನಲ್ಲ, ಅಕ್ಕ ಅದನ್ನು ಬ್ಲೇಡಿನಿಂದ ಹೆರೆದುಕೊಂಡಳು. ಗಾಯ ಒಣಗಲಿಲ್ಲ. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಬೆಂಗಳೂರಿಗೆ ಕರೆದೊಯ್ದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳ ಕ್ಯಾನ್ಸರ್, ಆಗಲೇ ಒಳಗಿಳಿದಿದೆ ಎಂದರು. ಮುಂದಿನ ಬೇಸಿಗೆಯನ್ನು ಅಕ್ಕ ಕಾಣಲಿಲ್ಲ.

ತಿಥಿ ಮುಗಿಸಿ ಕಾಲು ತೊಳೆಯುವಾಗ ನನ್ನ ಚುಕ್ಕೆ ಕಣ್ಣಿಗೆ ಬಿತ್ತು. ಬೆಂಗಳೂರಿನಲ್ಲಿ ಅಕ್ಕನನ್ನು ನೋಡಿದ್ದ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಅಲ್ಲೂ ಚೌಕಾಸಿ ಬಿಡಲಿಲ್ಲ.

“ಇಷ್ಟು ವರ್ಷದಿಂದ ಸುಮ್ನೆ ಕೂತೈತೆ ಡಾಕ್ಟ್ರಮ್ಮ. ಒಂದಾರು ತಿಂಗ್ಳು ನೋಡೋಣ್ವಾ?”

“ಸುಮ್ನೆ ಕೂತಿದೆ ಅಂತ ನಿಮಗೆ ಹೇಗೆ ಗೊತ್ತು?”

ಜ್ವರಕ್ಕೆ ಕೂತ ಹುಳು ನೆನಪಾಯಿತು. ಪೊರೆ ಬಿಡುವ ಮುಂಚಿನ ಆ ಸ್ಥಿತಿಗೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಸತ್ತಂತೆ ಕೂತಿರುತ್ತದೆ. ಒಳಗೆ ಮಾತ್ರ ಹೊಸ ಚರ್ಮ ತಯಾರಾಗುತ್ತಿರುತ್ತದೆ. ಎದ್ದರೆ ಅದರ ಹಸಿವಿಗೆ ತೋಟ ಸಾಲದು.

ಚುಕ್ಕೆ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕೆಟ್ಟ ಕಣಗಳೇ ಇದ್ದವು, ಆದರೆ ಚರ್ಮದ ಮೇಲಿನ ಪದರ ಬಿಟ್ಟು ಕೆಳಗಿಳಿದಿರಲಿಲ್ಲ. ಸುತ್ತ ಇನ್ನಷ್ಟು ಚರ್ಮ ತೆಗೆದರು. ಒಂದೇ ಮನೆಯ ಇಬ್ಬರಿಗೆ ಬರುವುದು ಬಹಳ ಅಪರೂಪ ಎಂದರು.

“ಬಿಸ್ಲೇ ಕಾಣದ ಜಾಗಕ್ಕೆ ಯಾಕೆ ಬಂತು? ಅವಳದು ಯಾಕೆ ಎದ್ದಿತು, ನಂದ್ಯಾಕೆ ಕೂತಿತ್ತು?”

“ನಮ್ಮಂಥ ಚರ್ಮದವರಿಗೆ ಇದು ಹೆಚ್ಚಾಗಿ ಬರೋದೇ ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲಿಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ. ಕೆಟ್ಟ ಕಣ ಹುಟ್ಟಿದ ಕೂಡಲೇ ಗೆಲ್ಲೋದಿಲ್ಲ. ಅಕ್ಕಪಕ್ಕದ ಒಳ್ಳೆ ಕಣಗಳು ಅದನ್ನ ಹಿಡಿದಿಟ್ಟಿರುತ್ತವೆ, ರಕ್ತದಲ್ಲಿರೋ ಕಾವಲಿನ ಕಣಗಳೂ ನೋಡ್ಕೋತಿರುತ್ತವೆ. ಅದರೊಳಗೆ ಕೆಡುಕಿನ ಮೇಲೆ ಕೆಡುಕು ಸೇರಿ, ಕಾವಲು ತಪ್ಪಿದಾಗ ಇಳಿಯುತ್ತೆ. ನಿಮ್ಮಕ್ಕನಿಗೆ ಯಾವ ದಿನ ತಪ್ಪಿತು ಅಂತ ಯಾರೂ ಹೇಳೋಕಾಗಲ್ಲ.”

“ಆವತ್ತೇ ಕರ್ಕೊಂಡು ಬಂದಿದ್ರೆ?”

ಅವರು ನನ್ನ ರಿಪೋರ್ಟನ್ನು ಮಡಚಿಟ್ಟರು. “ಆವತ್ತು ಅದು ಎಷ್ಟು ಆಳದಲ್ಲಿತ್ತೋ ಈಗ ತಿಳಿಯೋದಿಲ್ಲ” ಎಂದರು.

ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ತಿಳಿಯೋದಿಲ್ಲ ಎಂಬ ಮಾತಿನ ಜೊತೆ ಯಾವ ಚೌಕಾಸಿಯೂ ನಡೆಯುವುದಿಲ್ಲ.

ನನ್ನ ಹಳೇ ಚಾಳಿ, ಹೇಳಿಬಿಡುತ್ತೇನೆ. ಸ್ನಾನವಾದ ಮೇಲೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ. ಹೊಸದಾಗಿ ಕಪ್ಪು ಕಂಡರೆ, ಇದ್ದ ಕಪ್ಪು ಬೆಳೆದರೆ, ಬ್ಲೇಡು ಹಾಕಬೇಡಿ. ಡಾಕ್ಟರಿಗೆ ತೋರಿಸಿ. ನನ್ನಂಥವನ ಹೆಬ್ಬೆರಳನ್ನು ಮಾತ್ರ ನಂಬಬೇಡಿ.

ಗಾಯ ಮಾಗಿದ ಮೇಲೆ ಅಕ್ಕೂರಿಗೆ ಹೋದೆ. ಹಿಮ್ಮಡಿ ಊರಲು ಇನ್ನೂ ಆಗುತ್ತಿರಲಿಲ್ಲ. ಈಗ ಹುಳು ಮನೆ ನೋಡಿಕೊಳ್ಳುವವಳು ಅಕ್ಕನ ಸೊಸೆ. ಅವಳು ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು. ಸುಣ್ಣ ತುಳಿದು ಒಳಗೆ ಹೋಗಿ ಹುಳು ಮೇಯುವ ತಟ್ಟೆಗಳನ್ನು ನೋಡಿದೆ. ಹುಳುಗಳು ಜ್ವರಕ್ಕೆ ಕೂತಿದ್ದವು, ಒಂದೂ ಮಿಸುಕುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಹೊರಗೆ ಬಂದು ತೊಟ್ಟಿಯ ಪಕ್ಕ ಕೂತೆ.

ಸ್ವಲ್ಪ ಹೊತ್ತಿಗೆ ಒಳಗೆ ಸೊಪ್ಪಿನ ಹೊರೆ ಧೊಪ್ಪೆಂದು ಬಿದ್ದ ಸದ್ದು. ಎದ್ದು ಹೋಗಿ ನೋಡಿದೆ. ಸೊಸೆ ಮುಂಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದಳು. ಬಾಗಿಲಿನಿಂದ ತಟ್ಟೆಗಳವರೆಗೆ ಬಿಳಿ ಹೆಜ್ಜೆಗಳು, ಎಡಗಾಲಿಗೆ ಹಿಮ್ಮಡಿಯಿಲ್ಲ.

“ಮಾವ” ಎಂದಳು. “ನೀವಾ ನಡೆದದ್ದು?”

“ಊಂ ಕಣವ್ವ, ನಾನೇ” ಎಂದೆ.